ಒಂದು ರೂಪಾಯಿ ಟಿಕೆಟ್, ಒಂದು ಮರದ ವಿಮಾನ: ಏರ್ ಡೆಕ್ಕನ್ ಇನ್ನೂ ನೆನಪಾಗುವುದೇಕೆ?

ಹಳ್ಳಿಯ ಮುದುಕನೊಬ್ಬನಿಗೆ ಒಂದು ಲಕೋಟೆ ಬರುತ್ತದೆ. ಒಳಗಿರುವುದು ಮಗ ಕಳಿಸಿದ ವಿಮಾನದ ಟಿಕೆಟ್. ಮಗ ಚಿಕ್ಕವನಿದ್ದಾಗ ತಾನು ಮರದಲ್ಲಿ ಮಾಡಿಕೊಟ್ಟಿದ್ದ ಆಟಿಕೆ ವಿಮಾನ ಮುದುಕನಿಗೆ ನೆನಪಾಗುತ್ತದೆ. ಆಮೇಲೆ ಆತ ಜೀವನದಲ್ಲಿ ಮೊದಲ ಬಾರಿಗೆ ವಿಮಾನ ಹತ್ತುತ್ತಾನೆ. ಕಥೆ ಇಷ್ಟೇ. ಅಗ್ಗದ ದರದ ವಿಮಾನ ಕಂಪನಿ ಏರ್ ಡೆಕ್ಕನ್‌ಗಾಗಿ ಆರ್ಚರ್ಡ್ ಎಂಬ ಜಾಹೀರಾತು ಸಂಸ್ಥೆ ಮಾಡಿದ ಈ ಕಿರುಚಿತ್ರವನ್ನು ಟಿವಿಯಲ್ಲಿ ನೋಡಿದವರು ಇಂದಿಗೂ ಅದರ ಮಾತೆತ್ತಿದರೆ ಮೆತ್ತಗಾಗುತ್ತಾರೆ. ಆ ವಿಮಾನವನ್ನು ಒಮ್ಮೆಯೂ ಹತ್ತದವರೂ ಹಾಗೆಯೇ ಮೆತ್ತಗಾಗುತ್ತಾರೆ ಎಂಬುದೇ ಇಲ್ಲಿನ ಸೋಜಿಗ.

ಏಕೆಂದರೆ ಕಂಪನಿಯ ಆಯುಷ್ಯ ತೀರಾ ಚಿಕ್ಕದು. 2003ರ ಆಗಸ್ಟ್‌ನಲ್ಲಿ ಹಾರಾಟ ಆರಂಭವಾಯಿತು, 2008ರ ಹೊತ್ತಿಗೆ ಹೆಸರೇ ಅಳಿಸಿಹೋಯಿತು. ಆ ಐದು ವರ್ಷಗಳೂ ಸುಖದ ವರ್ಷಗಳಲ್ಲ. ವಿಮಾನಗಳು ತಡವಾಗುತ್ತಿದ್ದವು, ರದ್ದಾಗುತ್ತಿದ್ದವು, ಪತ್ರಿಕೆಗಳಲ್ಲಿ ದೂರುಗಳು ಬರುತ್ತಿದ್ದವು. ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟ ಉದ್ಘಾಟನೆಯ ವಿಮಾನದ ಎಂಜಿನ್‌ನಲ್ಲೇ ಬೆಂಕಿ ಕಾಣಿಸಿಕೊಂಡಿತ್ತು, ಅದೂ ಒಳಗೆ ಮಂತ್ರಿಗಳು, ಗಣ್ಯರು ಕುಳಿತಿದ್ದಾಗ. ಇಷ್ಟೆಲ್ಲ ಇದ್ದೂ ಜನ ಅದನ್ನು ಹಂಬಲದಿಂದ ನೆನೆಯುತ್ತಾರೆಂದರೆ, ಅವರು ನೆನೆಯುತ್ತಿರುವುದು ಕಂಪನಿಯನ್ನಲ್ಲ, ಬೇರೆ ಏನನ್ನೋ. ಅದೇನೆಂದು ತಿಳಿಯಲು ಜಾಹೀರಾತನ್ನೂ ನೋಡಬೇಕು, ಟಿಕೆಟ್ಟಿನ ಲೆಕ್ಕವನ್ನೂ ನೋಡಬೇಕು. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ.

ಮಹಾರಾಜನ ಎದುರು ಶ್ರೀಸಾಮಾನ್ಯ

ವಿಮಾನ ಕಂಪನಿಗಳ ಜಾಹೀರಾತುಗಳು ಜಗತ್ತಿನಾದ್ಯಂತ ಬಹುಕಾಲ ಒಂದೇ ಮಾತನ್ನು ಬೇರೆ ಬೇರೆ ಬಣ್ಣಗಳಲ್ಲಿ ಹೇಳಿದವು: ಹತ್ತಿ, ನಿಮ್ಮನ್ನು ರಾಜನ ಹಾಗೆ ನೋಡಿಕೊಳ್ಳುತ್ತೇವೆ. ನಮ್ಮಲ್ಲಿ ಇದಕ್ಕೆ ಹೆಚ್ಚು ಹುಡುಕಬೇಕಾಗಿಲ್ಲ. 1946ರಲ್ಲಿ ಬಾಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ ಸೇರಿ ರೂಪಿಸಿದ ಏರ್ ಇಂಡಿಯಾದ ಮಹಾರಾಜ, ಪೇಟ ಸುತ್ತಿ, ಮೀಸೆ ತಿರುವಿ, ನಡು ಬಾಗಿಸಿ ನಿಂತ. ಅಗಲವಾದ ಸೀಟು, ಬಿಸಿ ಊಟ, ನಗುಮುಖದ ಪರಿಚಾರಿಕೆ, ಇವೆಲ್ಲ ಆಗಲೇ ವಿಮಾನದಲ್ಲಿ ಓಡಾಡುತ್ತಿದ್ದವರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಸೆಳೆಯುವ ಬಗೆಗಳು.

ಏರ್ ಡೆಕ್ಕನ್‌ಗೆ ಆ ಗಿರಾಕಿಗಳು ಸಾಕಾಗುತ್ತಿರಲಿಲ್ಲ. 2003ರ ಸುಮಾರಿಗೆ ಭಾರತದೊಳಗೆ ವರ್ಷಕ್ಕೆ ಹೆಚ್ಚುಕಡಿಮೆ ಒಂದೂವರೆ ಕೋಟಿ ವಿಮಾನ ಪ್ರಯಾಣಗಳಾಗುತ್ತಿದ್ದವು. ಭಾರತೀಯ ರೈಲ್ವೆ ಅಷ್ಟು ಜನರನ್ನು ಒಂದೇ ದಿನದಲ್ಲಿ ಸಾಗಿಸುತ್ತಿತ್ತು. ಹಾಸನ ಜಿಲ್ಲೆಯ ಗೊರೂರಿನವರು, ಸೇನೆಯಲ್ಲಿದ್ದು ಬಂದವರು, ರೇಷ್ಮೆ ಬೆಳೆದವರು, ಹೆಲಿಕಾಪ್ಟರ್ ಕಂಪನಿ ನಡೆಸುತ್ತಿದ್ದವರು ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಅವರ ಕಣ್ಣಿದ್ದದ್ದು ಆ ರೈಲಿನ ಜನರ ಮೇಲೆ. ಎದುರಾಳಿ ಇನ್ನೊಂದು ವಿಮಾನ ಕಂಪನಿಯಲ್ಲ, ರೈಲಿನ ಹವಾನಿಯಂತ್ರಿತ ಬೋಗಿ ಎಂದು ಹೊರಟವರಿಗೆ ನಡು ಬಾಗಿಸುವ ಮಹಾರಾಜನಿಂದ ಏನೂ ಪ್ರಯೋಜನವಿರಲಿಲ್ಲ. ರಾಜೋಪಚಾರ ಎಂದಕೂಡಲೇ ರೈಲಿನ ಪ್ರಯಾಣಿಕ "ಅದು ನಮ್ಮಂಥವರಿಗಲ್ಲ" ಎಂದು ಮುಖ ತಿರುಗಿಸುತ್ತಾನೆ.

ಹಾಗಾಗಿ ಅವರು ಆರಿಸಿದ ಲಾಂಛನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕ, ತಲೆಯ ಹಿಂಬದಿಯಲ್ಲಿ ಕೆದರಿದ ನಾಲ್ಕು ಕೂದಲು. ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್ ಬರೆದ ವ್ಯಂಗ್ಯಚಿತ್ರಗಳಲ್ಲಿ ಈತ ದಶಕಗಳ ಕಾಲ ಮಾತಿಲ್ಲದೆ ಮೂಲೆಯಲ್ಲಿ ನಿಂತು ದೊಡ್ಡವರ ಆಟ ನೋಡಿದವನು. ಸದಾ ನೋಡುಗನಾಗಿದ್ದವನನ್ನು ತಂದು ಪ್ರಯಾಣಿಕನನ್ನಾಗಿ ಮಾಡಿದ್ದು, ನನ್ನ ಲೆಕ್ಕದಲ್ಲಿ, ಭಾರತದ ಜಾಹೀರಾತು ಇತಿಹಾಸದ ಅತ್ಯಂತ ಜಾಣ ಆಯ್ಕೆಗಳಲ್ಲಿ ಒಂದು. ಒಂದು ಮಾತೂ ಆಡದೆ ಕಂಪನಿ ತನ್ನ ಗಿರಾಕಿ ಯಾರೆಂದು ಹೇಳಿಬಿಟ್ಟಿತು.

ಟಿವಿ ಜಾಹೀರಾತಿನ ಮುದುಕ ಈ ಶ್ರೀಸಾಮಾನ್ಯನ ಹತ್ತಿರದ ಸಂಬಂಧಿ. ಆದರೆ ಅದರಲ್ಲಿ ಇನ್ನೊಂದು ಜಾಣ್ಮೆ ಇದೆ. ಆ ಜಾಹೀರಾತು ಮುದುಕನಿಗೆ ಟಿಕೆಟ್ ಮಾರುತ್ತಿಲ್ಲ. ಮಾರುತ್ತಿರುವುದು ಮಗನಿಗೆ. ಟಿವಿಯ ಮುಂದೆ ಕುಳಿತ, ಬೆಂಗಳೂರಿನಲ್ಲೋ ಮುಂಬೈಯಲ್ಲೋ ಸಂಬಳ ಎಣಿಸುತ್ತಿರುವ, ಊರಲ್ಲಿ ತಂದೆತಾಯಿಯನ್ನು ಬಿಟ್ಟುಬಂದು ಒಳಗೊಳಗೇ ಅಳುಕುತ್ತಿರುವ ಮಗನಿಗೆ. ತನಗಾಗಿ ವಿಮಾನದ ಟಿಕೆಟ್ ಕೊಳ್ಳುವುದು ಆಗಿನ ಮಧ್ಯಮ ವರ್ಗಕ್ಕೆ ದುಂದುವೆಚ್ಚ. ಅಪ್ಪನಿಗಾಗಿ ಕೊಳ್ಳುವುದು ಋಣ ತೀರಿಸುವ ಕೆಲಸ. ದುಂದನ್ನು ಕರ್ತವ್ಯವಾಗಿ ಬದಲಿಸಿದ ಆ ಒಂದು ಹೊರಳು ಇಡೀ ಜಾಹೀರಾತಿನ ಜೀವ. ಮರದ ಆಟಿಕೆ ಅಲ್ಲಿರುವುದು ಬರೀ ಕಣ್ಣೀರಿಗಲ್ಲ. ಅಪ್ಪ ಮೊದಲು ಕೊಟ್ಟ, ಮಗ ಈಗ ಹಿಂದಿರುಗಿಸುತ್ತಿದ್ದಾನೆ ಎಂಬ ಲೆಕ್ಕವನ್ನು ಅದು ಕಣ್ಣಿಗೆ ತೋರಿಸುತ್ತದೆ.

ಎಂಟು ರೂಪಾಯಿ ಲಾಭ

ಈಗ ಟಿಕೆಟ್ಟಿನ ವಿಷಯ. ಏರ್ ಡೆಕ್ಕನ್ ಎಂದರೆ ಹಲವರಿಗೆ ಒಂದು ರೂಪಾಯಿಯ ಟಿಕೆಟ್. ತೆರಿಗೆ, ಶುಲ್ಕ ಬೇರೆ, ಅದು ಇನ್ನೂರು ಚಿಲ್ಲರೆ ರೂಪಾಯಿ ಆಗುತ್ತಿತ್ತು. ಆದರೂ ಒಂದು ರೂಪಾಯಿಗೆ ವಿಮಾನ ಹಾರಿಸುವುದು ಹೇಗೆ ಸಾಧ್ಯ? ಹುಚ್ಚಾಟ ಎಂದು ಮೂಗು ಮುರಿದವರೂ ಇದ್ದರು. ಅದರ ಒಳಗುಟ್ಟು ಇಷ್ಟು.

ವಿಮಾನದ ಸೀಟು ಸಂಜೆಗೆ ಬಾಡುವ ಸೊಪ್ಪು. ಬಾಗಿಲು ಮುಚ್ಚಿದ ಮರುಕ್ಷಣ ಖಾಲಿ ಸೀಟಿನ ಬೆಲೆ ಸೊನ್ನೆ. ಆದರೆ ಪೈಲಟ್‌ನ ಸಂಬಳ, ವಿಮಾನದ ಬಾಡಿಗೆ, ಇಂಧನದ ಬಹುಪಾಲು, ಎಲ್ಲವೂ ಸೀಟು ತುಂಬಿದರೂ ಅಷ್ಟೇ, ಖಾಲಿ ಇದ್ದರೂ ಅಷ್ಟೇ. ಏರ್ ಡೆಕ್ಕನ್ ಮೊದಲು ಹಾರಿಸಿದ ಎಟಿಆರ್ 42 ವಿಮಾನದಲ್ಲಿ 48 ಸೀಟು. ಒಂದು ಹಾರಾಟದ ಖರ್ಚು ಒಂದು ಲಕ್ಷ ರೂಪಾಯಿ ಎಂದು ಸುಮ್ಮನೆ ಊಹಿಸಿಕೊಳ್ಳಿ. 30 ಜನ ತಲಾ 3,000 ಕೊಟ್ಟರೆ 90,000 ಬಂತು. 10 ಜನ ತಲಾ 1,000 ಕೊಟ್ಟರೆ ಇನ್ನು 10,000. ಅಲ್ಲಿಗೆ ಖರ್ಚು ಹುಟ್ಟಿತು. ಉಳಿದ 8 ಸೀಟನ್ನು ಒಂದೊಂದು ರೂಪಾಯಿಗೆ ಕೊಟ್ಟರೆ 8 ರೂಪಾಯಿ ಲಾಭ. ಖಾಲಿ ಬಿಟ್ಟಿದ್ದರೆ ಅದೂ ಇಲ್ಲ. ಮೇಲಾಗಿ ಆ ಎಂಟು ಸೀಟಿನ ಸುದ್ದಿ ಊರೆಲ್ಲ ಹಬ್ಬಿ, ಲಕ್ಷಾಂತರ ರೂಪಾಯಿಯ ಜಾಹೀರಾತು ಮಾಡದ ಕೆಲಸ ಮಾಡುತ್ತದೆ. ಮೊದಲೇ ಕಾಯ್ದಿರಿಸಿದವರಿಗೆ ಕಡಿಮೆ, ಕೊನೆ ಗಳಿಗೆಯಲ್ಲಿ ಬಂದವರಿಗೆ ಹೆಚ್ಚು ಎಂಬ ಈಗಿನ ಪದ್ಧತಿಗೆ ನಾವು ಒಗ್ಗಿಹೋಗಿದ್ದೇವೆ. ಆಗ, ಪಕ್ಕದ ಸೀಟಿನವನು ತನ್ನ ಹತ್ತರಲ್ಲೊಂದು ಪಾಲೂ ಕೊಟ್ಟಿಲ್ಲವೆಂದು ತಿಳಿದು ಕಣ್ಣರಳಿಸಿದವರೇ ಹೆಚ್ಚು.

ಖರ್ಚನ್ನು ಹಿಂಡಿದ್ದು ಇನ್ನೊಂದು ಕಡೆ. ಊಟವಿಲ್ಲ, ನೀರೂ ತಿಂಡಿಯೂ ದುಡ್ಡಿಗೆ. ಎಲ್ಲರಿಗೂ ಒಂದೇ ದರ್ಜೆ. ಏಜೆಂಟರಿಗೆ ಕಮಿಷನ್ ಕೊಡುವ ಬದಲು ಅಂತರಜಾಲದಲ್ಲಿ, ಕಾಲ್ ಸೆಂಟರಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೂಡ ಟಿಕೆಟ್ ಮಾರಾಟ. ವಿಮಾನದ ಹೊರಮೈಯನ್ನೇ ಜಾಹೀರಾತಿಗೆ ಬಾಡಿಗೆ ಕೊಟ್ಟರು. ಇಳಿಸಿ ಹತ್ತಿಸಿ ಮತ್ತೆ ಹೊರಡುವ ಸಮಯವನ್ನು ಕಡಿತ ಮಾಡಿದರು, ಏಕೆಂದರೆ ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ. 80ಕ್ಕಿಂತ ಕಡಿಮೆ ಸೀಟಿನ ವಿಮಾನಗಳಿಗೆ ಇಳಿಯುವ ಶುಲ್ಕದಲ್ಲಿ ವಿನಾಯಿತಿ ಇತ್ತು, ಎಟಿಆರ್‌ನಂಥ ಸಣ್ಣ ಪ್ರೊಪೆಲರ್ ವಿಮಾನಗಳ ಇಂಧನಕ್ಕೆ ಮಾರಾಟ ತೆರಿಗೆಯೂ ಕಡಿಮೆ ಇತ್ತು. ಹುಬ್ಬಳ್ಳಿಯಂಥ ಊರುಗಳು ನಕ್ಷೆಯ ಮೇಲೆ ಬಂದದ್ದು ಈ ಲೆಕ್ಕದ ಕೃಪೆಯಿಂದ.

ಆ ವಿಮಾನ ಹತ್ತುವ ಬಗೆಯೂ ಬೇರೆ. ಎಟಿಆರ್‌ನಲ್ಲಿ ಪ್ರಯಾಣಿಕರ ಬಾಗಿಲು ಹಿಂಬದಿಯಲ್ಲಿರುತ್ತದೆ, ಸಾಮಾನಿನ ಜಾಗ ಮುಂದೆ, ಪೈಲಟ್‌ಗಳ ಬೆನ್ನಿಗೆ. ಬಾಗಿಲೇ ಕೆಳಕ್ಕೆ ಮಡಚಿಕೊಂಡು ನಾಲ್ಕಾರು ಮೆಟ್ಟಿಲಾಗುತ್ತದೆ. ರೆಕ್ಕೆ ನೆತ್ತಿಯ ಮೇಲಿರುವುದರಿಂದ ಕಿಟಕಿಯಿಂದ ನೆಲ ಸೊಗಸಾಗಿ ಕಾಣುತ್ತದೆ. ಅದಕ್ಕೇ ಕಿಟಕಿಗೆ ಪೈಪೋಟಿ. ಸೀಟಿಗೆ ಸಂಖ್ಯೆ ಕೊಡುತ್ತಿರಲಿಲ್ಲವಾದ್ದರಿಂದ ಮೊದಲು ಹತ್ತಿದವರಿಗೆ ಮೊದಲ ಆಯ್ಕೆ. ಬಸ್ಸಿನ ಕಿಟಕಿಯಲ್ಲಿ ಟವೆಲ್ ತೂರಿ ಸೀಟು ಹಿಡಿದು ಬೆಳೆದ ನಾಡಿನವರಿಗೆ ಇದೇನು ಕಲಿಸಬೇಕಾದ ವಿದ್ಯೆಯೇ? ಸೂಟು ಹಾಕಿದವರೂ ದಾಪುಗಾಲು ಹಾಕುತ್ತಿದ್ದರು. ಸುಖ ಹೆಚ್ಚಿರಲಿಲ್ಲ, ಆದರೆ ಅಪರಿಚಿತವೂ ಅನ್ನಿಸುತ್ತಿರಲಿಲ್ಲ.

ಲೆಕ್ಕ ಬುಡಮೇಲಾದದ್ದು

ಮೇಲಿನ ಎಂಟು ರೂಪಾಯಿಯ ಲಾಭವನ್ನು ಮತ್ತೊಮ್ಮೆ ನೋಡಿ. ಖರ್ಚಿನ ಶೇಕಡಾ 40ರಷ್ಟು ಇಂಧನಕ್ಕೆ ಹೋಗುತ್ತದೆ ಎಂದುಕೊಂಡು, ಇಂಧನದ ಬೆಲೆಯನ್ನು ಕಾಲುಭಾಗ ಏರಿಸಿ ನೋಡಿ. ಖರ್ಚು 1,10,000 ಆಯಿತು, ಎಂಟು ರೂಪಾಯಿ ಲಾಭದ ಜಾಗದಲ್ಲಿ 9,992 ರೂಪಾಯಿ ನಷ್ಟ. ನಿಜದಲ್ಲಿ ಏರಿಕೆ ಕಾಲುಭಾಗಕ್ಕೆ ನಿಲ್ಲಲಿಲ್ಲ. 2003ರಲ್ಲಿ ಬ್ಯಾರೆಲ್‌ಗೆ 30 ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾ ತೈಲ 2008ರ ಜುಲೈನಲ್ಲಿ 147 ಡಾಲರ್ ಮುಟ್ಟಿತು.

ಇನ್ನೊಂದು ಪೆಟ್ಟು ಗೆಲುವಿನಿಂದಲೇ ಬಂತು. ಅಗ್ಗದ ಹಾರಾಟಕ್ಕೆ ಜನರಿದ್ದಾರೆ ಎಂದು ಏರ್ ಡೆಕ್ಕನ್ ತೋರಿಸಿಕೊಟ್ಟಿತು, ನೋಡಿದವರೆಲ್ಲ ಬಂದರು. 2005ರಲ್ಲಿ ಸ್ಪೈಸ್‌ಜೆಟ್, ಕಿಂಗ್‌ಫಿಷರ್, ಗೋಏರ್, 2006ರಲ್ಲಿ ಇಂಡಿಗೊ. ಸೀಟುಗಳು ಜನರಿಗಿಂತ ಬೇಗ ಹೆಚ್ಚಿದವು. ನಮ್ಮ ಲೆಕ್ಕದಲ್ಲಿ 3,000 ಕೊಡುತ್ತಿದ್ದ ಆ 30 ಜನ ಇದ್ದರಲ್ಲ, ಅವರೂ ಅಗ್ಗದ ಟಿಕೆಟ್ಟಿಗೆ ಕಾಯುವುದನ್ನು ಕಲಿತರು. ಒಂದು ರೂಪಾಯಿಯ ಗಿರಾಕಿಯನ್ನು ಸಾಕುತ್ತಿದ್ದವರೇ ಕಡಿಮೆಯಾದರೆ ಮನೆ ನಡೆಯುವುದು ಹೇಗೆ? 2006ರಲ್ಲಿ ಷೇರು ಮಾರಾಟಕ್ಕೆ ಇಳಿದಾಗ ಪೇಟೆ ಕುಸಿದಿತ್ತು. ಗಡುವು ಮುಂದೂಡಿ, ಬೆಲೆ ಇಳಿಸಿ, ಹೇಗೋ ದಡ ಸೇರಿದರು.

2007ರಲ್ಲಿ ಕಿಂಗ್‌ಫಿಷರ್‌ನ ಒಡೆಯ ವಿಜಯ್ ಮಲ್ಯ ಅವರ ಯುಬಿ ಸಮೂಹ ಸುಮಾರು 550 ಕೋಟಿ ರೂಪಾಯಿಗೆ ಏರ್ ಡೆಕ್ಕನ್‌ನ ಶೇಕಡಾ 26ರಷ್ಟು ಪಾಲು ಕೊಂಡಿತು. ಇದರ ಹಿಂದೆ ಒಂದು ಸರ್ಕಾರಿ ನಿಯಮದ ನೆರಳಿದೆ. ಆಗಿನ ನಿಯಮದಂತೆ ವಿದೇಶಕ್ಕೆ ಹಾರಬೇಕಾದರೆ ಕಂಪನಿ ದೇಶದೊಳಗೆ ಐದು ವರ್ಷ ಹಾರಿರಬೇಕು, 20 ವಿಮಾನಗಳಿರಬೇಕು. ಕಿಂಗ್‌ಫಿಷರ್ ಹುಟ್ಟಿದ್ದು 2005ರಲ್ಲಿ, ಕಾಯಬೇಕಾದದ್ದು 2010ರವರೆಗೆ. ಏರ್ ಡೆಕ್ಕನ್‌ಗೆ 2008ಕ್ಕೇ ಐದು ತುಂಬುತ್ತಿತ್ತು. ಹಾಗಾಗಿ ಕಾಗದದ ಮೇಲೆ ನಡೆದದ್ದು ತಮಾಷೆಯಾಗಿದೆ: ಕಿಂಗ್‌ಫಿಷರ್‌ನ ವಿಮಾನ ವ್ಯವಹಾರ ಏರ್ ಡೆಕ್ಕನ್ ನಡೆಸುತ್ತಿದ್ದ ಡೆಕ್ಕನ್ ಏವಿಯೇಷನ್ ಕಂಪನಿಯೊಳಗೆ ಸೇರಿತು, ಆಮೇಲೆ ಆ ಕಂಪನಿಯ ಹೆಸರು ಕಿಂಗ್‌ಫಿಷರ್ ಏರ್‌ಲೈನ್ಸ್ ಎಂದಾಯಿತು. ನುಂಗಿಸಿಕೊಂಡವನ ಕೊರಳಿಗೆ ನುಂಗಿದವನ ಹೆಸರಿನ ಫಲಕ. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಕಿಂಗ್‌ಫಿಷರ್ ಹಾರಿತು. ಅಗ್ಗದ ಸೇವೆ 'ಕಿಂಗ್‌ಫಿಷರ್ ರೆಡ್' ಎಂಬ ಹೆಸರಿನಲ್ಲಿ ಮೂರು ವರ್ಷ ಎಳೆದಾಡಿ, 2011ರಲ್ಲಿ ನಿಲ್ಲಿಸುವ ಘೋಷಣೆಯಾಯಿತು. ಶ್ರೀಸಾಮಾನ್ಯ ಎಂದೋ ಇಳಿದುಹೋಗಿದ್ದ.

ಕಂಪನಿ ಹೋದ ಮೇಲೆ ಉಳಿಯುವುದೇನು

ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಮುಚ್ಚಿದರೂ ಗಡಿಯಾರ ಕೈಯಲ್ಲಿದೆ, ಕೀಲಿ ಕೊಟ್ಟರೆ ಓಡುತ್ತದೆ. ವಿಮಾನ ಕಂಪನಿ ಮಾರುವುದು ವಸ್ತುವನ್ನಲ್ಲ, ಎರಡು ಗಂಟೆಯ ಪ್ರಯಾಣವನ್ನು. ಇಳಿದ ಕೂಡಲೇ ಅದು ಮುಗಿಯಿತು. ವಿಮಾನಗಳಾದರೂ ಬಹುಪಾಲು ಬಾಡಿಗೆಯವು. ಕಂಪನಿ ಬಾಗಿಲು ಹಾಕಿದರೆ ಅವು ಮಾಲೀಕನಿಗೆ ಮರಳಿ, ಬಣ್ಣ ಬಳಿಸಿಕೊಂಡು ಇನ್ನೊಬ್ಬರ ಹೆಸರಿನಲ್ಲಿ ಹಾರುತ್ತವೆ. ಹೊರಡುವ ಸಮಯಗಳು ಬೇರೆಯವರ ಪಾಲಾಗುತ್ತವೆ, ಪೈಲಟ್‌ಗಳು ಬೇರೆ ಸಮವಸ್ತ್ರ ತೊಡುತ್ತಾರೆ. ಉಳಿಯುವುದು ಯಾರದೋ ಪುಸ್ತಕದೊಳಗೆ ಸಿಕ್ಕಿಕೊಂಡ ಬೋರ್ಡಿಂಗ್ ಪಾಸ್ ಮತ್ತು ಜಾಹೀರಾತು. ಅಮೆರಿಕದ ಪ್ಯಾನ್ ಆಮ್ 1991ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಅದರ ನೀಲಿ ಗೋಲದ ಚಿಹ್ನೆ ಹೊತ್ತ ಚೀಲಗಳು ಇಂದಿಗೂ ಮಾರಾಟವಾಗುತ್ತವೆ. ಮುಟ್ಟಲು ಏನೂ ಉಳಿಯದ ವ್ಯವಹಾರದಲ್ಲಿ ಚಿಹ್ನೆಯೇ ದೇಹವಾಗುತ್ತದೆ.

ಇದಕ್ಕೆ ಮನಸ್ಸಿನ ಸ್ವಭಾವವೂ ಸೇರುತ್ತದೆ. ನೆನಪುಗಳಿಗೆ ಅಂಟಿದ ಕಹಿ, ಸಿಹಿಗಿಂತ ಬೇಗ ಮಾಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿದ್ದಾರೆ. ನಾಲ್ಕು ಗಂಟೆ ಕಾದದ್ದು ನೆನಪಿರಬಹುದು, ಆಗಿನ ಸಿಟ್ಟು ನೆನಪಿರುವುದಿಲ್ಲ. ಮೊದಲ ಬಾರಿ ಮೋಡ ಕೆಳಗೆ ಕಂಡಾಗಿನ ಪುಳಕ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಇನ್ನೊಂದು, ವಯಸ್ಸಾದಂತೆ ಜನ ಹೆಚ್ಚಾಗಿ ನೆನೆಯುವುದು ಹದಿವಯಸ್ಸಿನಿಂದ ಮೂವತ್ತರ ಒಳಗಿನ ಕಾಲವನ್ನು: ಮೊದಲ ಕೆಲಸ, ಮೊದಲ ಸಂಬಳ, ಮೊದಲ ವಿಮಾನ. 2003ರಿಂದ 2008ರ ನಡುವೆ ಆ ವಯಸ್ಸಿನಲ್ಲಿದ್ದವರು ಈಗ ನಲವತ್ತರ ಆಚೀಚೆ ಇದ್ದಾರೆ. ಬೆಂಗಳೂರಿನವರಿಗೆ ಇದರ ಜೊತೆ ಇನ್ನೊಂದು ನಷ್ಟವೂ ಹೆಣೆದುಕೊಂಡಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯಿತು, ಪಟ್ಟಣದೊಳಗಿನ ಎಚ್‌ಎಎಲ್ ನಿಲ್ದಾಣ ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿತು. ಕಂಪನಿಯೂ ನಿಲ್ದಾಣವೂ ಒಂದೇ ವರ್ಷದಲ್ಲಿ ಮರೆಯಾದವು. ನೆನಪಿನಲ್ಲಿ ಎರಡೂ ಕಲಸಿಹೋಗಿವೆ.

ಆಗಿನ ಟಿವಿಯ ಸ್ವಭಾವವನ್ನೂ ಮರೆಯುವಂತಿಲ್ಲ. ಮನೆಗೊಂದೇ ಟಿವಿ ಇದ್ದ ಕಡೆ ಅಪ್ಪ, ಅಮ್ಮ, ಮಕ್ಕಳು ಒಂದೇ ಹೊತ್ತಿಗೆ ಆ ಜಾಹೀರಾತನ್ನು ನೋಡಿದರು. ಅಪ್ಪನಿಗೆ ಟಿಕೆಟ್ ಕಳಿಸುವ ಮಗನ ಕಥೆಯನ್ನು ಅಪ್ಪನ ಪಕ್ಕ ಕುಳಿತು ನೋಡುವ ಮುಜುಗರವೇ ಬೇರೆ. ಈಗಿನ ಜಾಹೀರಾತು ಒಬ್ಬೊಬ್ಬರ ಮೊಬೈಲಿಗೆ ಬೇರೆಬೇರೆಯಾಗಿ ಬರುತ್ತದೆ. ನಿಮಗೆ ಕಂಡದ್ದು ನಿಮ್ಮ ಮನೆಯವರಿಗೇ ಕಂಡಿರುವುದಿಲ್ಲ. ಒಟ್ಟಿಗೆ ನೋಡದ್ದನ್ನು ಒಟ್ಟಿಗೆ ನೆನೆಯುವುದು ಕಷ್ಟ.

ಆದರೆ ಈ ವಿವರಣೆಗಳು ಪೂರ್ತಿಯಾಗಿ ಸಾಲುವುದಿಲ್ಲ ಎಂದು ನನಗನ್ನಿಸುತ್ತದೆ. ಸಾಲುವಂತಿದ್ದರೆ ಕಿಂಗ್‌ಫಿಷರ್ ಕೂಡ ಇಷ್ಟೇ ಅಕ್ಕರೆಯಿಂದ ನೆನಪಾಗಬೇಕಿತ್ತು. ಅದೂ ಬೆಂಗಳೂರಿನದೇ, ಅದೇ ಕಾಲದ್ದೇ, ಸುಖವಂತೂ ಎಷ್ಟೋ ಪಾಲು ಹೆಚ್ಚು: ಒಳ್ಳೆಯ ಊಟ, ಸೀಟಿನ ಬೆನ್ನಿಗೆ ಪರದೆ, ಕೆಂಪು ಸಮವಸ್ತ್ರ. ಪ್ರಯಾಣಿಕರಾಗಿದ್ದವರು ಆ ಆತಿಥ್ಯವನ್ನು ಮೆಚ್ಚಿ ಮಾತಾಡುತ್ತಾರೆ, ನಿಜ. ಆದರೆ ಮಾತು ಮುಗಿಯುವ ಮೊದಲೇ ಸಾಲದ ಕಥೆ ಬರುತ್ತದೆ, 2012ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದ ನೌಕರರ ಕಥೆ ಬರುತ್ತದೆ. ಅತಿಥಿ ಸತ್ಕಾರದ ಜಾಹೀರಾತನ್ನು ಈಗ ನೋಡಿದರೆ, ಆ ಊಟ ಬಡಿಸಿದವರಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆ ಅಡ್ಡ ಬಂದು ನಿಲ್ಲುತ್ತದೆ. ಅಲ್ಲಿ ಕೊಟ್ಟ ಮಾತು ಕಂಪನಿಯ ಜೊತೆಗೇ ಸುಳ್ಳಾಯಿತು.

ಏರ್ ಡೆಕ್ಕನ್ ಕೊಟ್ಟ ಮಾತು ಸುಳ್ಳಾಗಲಿಲ್ಲ. ಕೊಟ್ಟವರು ಉಳಿಯಲಿಲ್ಲ, ಮಾತು ಉಳಿಯಿತು. ಅದನ್ನು ಉಳಿಸಿದವರು ಬೇರೆಯವರು, ಮುಖ್ಯವಾಗಿ ಇಂಡಿಗೊ. ಒಂದೇ ಬಗೆಯ ವಿಮಾನ, ಬಿಗಿಯಾದ ವೇಳಾಪಟ್ಟಿ, ದೊಡ್ಡ ಮೊತ್ತದ ಖರೀದಿ ಎಂದು ಅವರು ಅದೇ ಲೆಕ್ಕವನ್ನು ಹೆಚ್ಚು ಶಿಸ್ತಿನಿಂದ ಮಾಡಿದರು. 2024ರಲ್ಲಿ ದೇಶದೊಳಗಿನ ವಿಮಾನ ಪ್ರಯಾಣಗಳ ಸಂಖ್ಯೆ 16 ಕೋಟಿ ದಾಟಿತು. ಊರಿನ ಅಪ್ಪಂದಿರು ಈಗ ಬೆಂಗಳೂರಿನ ಮಗಳ ಮನೆಗೆ ಉಪ್ಪಿನಕಾಯಿ ಡಬ್ಬಿ ಚೆಕ್-ಇನ್ ಮಾಡಿಸಿ ಬರುತ್ತಾರೆ. ಆ ಜಾಹೀರಾತನ್ನು ನೋಡುವಾಗ ನಮಗೆ ಮೋಸಹೋದ ಭಾವ ಬಾರದಿರುವುದು ಇದಕ್ಕೇ.

ಹೆಸರನ್ನೇ ಮತ್ತೆ ತಂದರೆ ಆ ಭಾವ ಮರಳುತ್ತದೆಯೇ ಎಂಬುದರ ಪರೀಕ್ಷೆಯೂ ಆಗಿದೆ. ಸಣ್ಣ ಊರುಗಳಿಗೆ ಸಹಾಯಧನ ಕೊಡುವ ಉಡಾನ್ ಯೋಜನೆಯಡಿ 2017ರಲ್ಲಿ ಏರ್ ಡೆಕ್ಕನ್ ಎಂಬ ಹೆಸರು ಮತ್ತೆ ಆಕಾಶಕ್ಕೇರಿತು, ಈ ಸಲ ಇಪ್ಪತ್ತಕ್ಕೂ ಕಡಿಮೆ ಸೀಟಿನ ಬೀಚ್‌ಕ್ರಾಫ್ಟ್ ವಿಮಾನಗಳಲ್ಲಿ. 2020ರಲ್ಲಿ ಕೋವಿಡ್ ಬಂದು ಅದೂ ನಿಂತಿತು. ನಿಂತದ್ದು ಬಹಳ ಜನರಿಗೆ ಗೊತ್ತಾಗಲೇ ಇಲ್ಲ, ಆರಂಭವಾದದ್ದೂ ಗೊತ್ತಿರಲಿಲ್ಲ. ಅದೇ ವರ್ಷ ಗೋಪಿನಾಥ್ ಅವರ ಬದುಕನ್ನು ಆಧರಿಸಿದ ತಮಿಳು ಸಿನಿಮಾ ಬಂದಾಗ ಮಾತ್ರ ಹಳೆಯ ಕಂಪನಿಯ ನೆನಪು ಮನೆಮನೆಯಲ್ಲಿ ಎದ್ದಿತು. ಕಥೆ ಹಾರಿದಷ್ಟು ದೂರ ವಿಮಾನ ಹಾರಲಿಲ್ಲ.

ಕಲಬುರಗಿಯಲ್ಲಿ 2019ರಲ್ಲಿ, ಶಿವಮೊಗ್ಗದಲ್ಲಿ 2023ರಲ್ಲಿ ನಿಲ್ದಾಣಗಳು ತೆರೆದವು. ಮೊದಲ ಬಾರಿ ವಿಮಾನ ಹತ್ತುವವರು ಇನ್ನೂ ಮುಗಿದಿಲ್ಲ. ಆ ಸಾಲುಗಳಲ್ಲಿ ಸೀಟಿನ ಬೆಲ್ಟು ಹೇಗೆ ಬಿಗಿಯುವುದೆಂದು ಪಕ್ಕದವರನ್ನು ಕೇಳುವವರು ಈಗಲೂ ಸಿಗುತ್ತಾರೆ. ಆದರೆ ಅವರನ್ನು ಗಿರಾಕಿಯೆಂದು ಕಣ್ಣಿಟ್ಟು ಮಾಡಿದ ಜಾಹೀರಾತು ನನ್ನ ಕಣ್ಣಿಗೆ ಬಿದ್ದಿಲ್ಲ. ಬೀಳುವುದೆಲ್ಲ ಕ್ರೆಡಿಟ್ ಕಾರ್ಡಿನ ರಿಯಾಯಿತಿ, ಇಷ್ಟು ಗಂಟೆಯೊಳಗೆ ಕಾಯ್ದಿರಿಸಿದರೆ ಇಷ್ಟು ಕಡಿತ, ಮತ್ತು ಕಾಲು ಚಾಚಲು ಜಾಗವಿರುವ ಸೀಟಿಗೆ ಹೆಚ್ಚುವರಿ ಶುಲ್ಕ.